ಬೆಳಕಿನೊಳಗಿನ ಕರಿಯ ಗೆರೆಗಳು

ಚಿತ್ತಾಪುರದ ನೆರೆಯಲ್ಲಿರುವ ನಾಗಾವಿಯನ್ನು ನಮ್ಮ ವಾಚಕರಿಗೆ ಹೊಸದಾಗಿ ಪರಿಚಯಮಾಡಿಕೊಡಬೇಕಾದುದಿಲ್ಲ. ಚಾಲುಕ್ಯ ತ್ರೈಲೋಕ್ಯಮಲ್ಲ ಸೋಮೇಶ್ವರನ ಆಳಿಕೆಯ ಕಾಲಕ್ಕೆ ಸೇರಿದ, ಕ್ರಿ. ಶ. ೧೦೫೮ರ ಅಲ್ಲಿಯ ಶಾಸನವು ಆ ಊರಿನ ಘಟಿಕಾಸ್ಥಾನದ ವ್ಯವಸ್ಥೆಯನ್ನು ವಿವರವಾಗಿ ಹೇಳುತ್ತದೆ. ವೇದಾಧ್ಯಯನ ಮಾಡುವವರು ಇನ್ನೂರು ಮಂದಿ. ಶಾಸ್ತ್ರಗಳನ್ನೋದುವವರು ಐವತ್ತು ಮಂದಿ. ಅವರಿಗೆ ಪಾಠ ಹೇಳುವ ಉಪಾಧ್ಯಾಯರು. ಇವರೆಲ್ಲರ ಜತೆಯಲ್ಲಿ ಆರು ಮಂದಿ ಸರಸ್ವತೀ ಭಾಂಡಾರಿಗರು. ಓದುವವರೂ ಓದಿಸುವವರೂ ಇದ್ದಲ್ಲಿ ಗ್ರಂಥಗಳನ್ನು ಕಾಯ್ದಿಡುವವರೂ ಇರಬೇಕೆಂಬುದನ್ನು ಆ ಕಾಲದ ಹಿರಿಯರು ಮರೆತಿರಲಿಲ್ಲ. ಒಬ್ಬರಿಬ್ಬರಲ್ಲ, ಆರು ಮಂದಿ!

ಈ ಲೇಖನದ ವಿಷಯವು ಶಾಸನವಲ್ಲ. ಬರಿಗಣ್ಣಿಗೆ ಎಷ್ಟು ಮಾತ್ರವೂ ಕಾಣಿಸದ, ಬೆಳಕು ನಮ್ಮಲ್ಲಿಗೆ ಬಂದು ಮುಟ್ಟುವುದಕ್ಕೆ ನೂರಾರು ಕೋಟಿ ವರ್ಷಗಳು ಹಿಡಿಯುವಷ್ಟು ದೂರದಲ್ಲಿರುವ, ಕ್ವೇಸಾರ್ ಎಂದು ಹೆಸರುಗೊಂಡ ಜ್ಯೋತಿಗಳ ಸುತ್ತಲೂ ಇರುವ ಅನಿಲವನ್ನು ಮನುಷ್ಯನು ಹೇಗೆ ಅರಿತುಕೊಂಡನೆಂಬುದು ಇಲ್ಲಿಯ ವಿಷಯ. ನಾಗಾವಿಯಿಂದ ಅಲ್ಲಿಗೆ ಬಲುದೂರ. ಆದರೂ ಅದನ್ನು ಮೊದಲಲ್ಲಿಯೇ ನೆನೆದುದಕ್ಕೆ ಕಾರಣವುಂಟು. ಆ ಅನಿಲದ ವಿಚಾರದಲ್ಲಿ ಇಂದು ತಿಳಿದಿರುವುದರಲ್ಲಿ ಬಹುಭಾಗವು, ನಿನ್ನೆ ಬರೆದಿಟ್ಟುದನ್ನು ಇಂದು ಕಂಡುದರೊಡನೆ ಹೋಲಿಸಿ ನೋಡಿದುದರಿಂದ ಸಿಕ್ಕಿದ್ದು. ಬರೆದಿಟ್ಟವರೂ ಕಾಯ್ದಿಟ್ಟವರೂ ಇಲ್ಲದಿದ್ದ ಪಕ್ಷದಲ್ಲಿ ಈ ಶಾಸ್ತ್ರವೇ ಇರುತ್ತಿರಲಿಲ್ಲ. ಇದರ ಚರಿತ್ರೆಯ ಒಂದೆರಡು ಮುಖ್ಯ ಪ್ರಸಂಗಗಳು ನಮ್ಮ ನಾಡಿನಲ್ಲಿಯೇ, ನಮ್ಮ ಸೇಡಂ ಚಿತ್ತಾಪುರಗಳ ನೆತ್ತಿಯ ಮೇಲೆಯೇ, ನಡೆದುವೆಂಬುದೂ ಗಮನಿಸತಕ್ಕ ಸಂಗತಿ.

ಬಿಸಿಲಿಗೆ ಮುಮ್ಮೂಲೆಯ ಗಾಜನ್ನು ಹಿಡಿದರೆ ಏಳು ಬಣ್ಣಗಳ ಪಟ್ಟಿಯೊಂದು ಗೋಡೆಯ ಮೇಲೆ ಹರಡುವುದಷ್ಟೆ. ಇದಕ್ಕೆ ವರ್ಣಪಟಲವೆಂದು ಹೆಸರು. ೧೮೦೨ರಲ್ಲಿ ವುಲಾಸ್ಟನ್ ಎಂಬ ಆಂಗ್ಲ ಪಂಡಿತನು, ಬಳಿಕ ೧೮೧೪ರಲ್ಲಿ ಬವೇರಿಯ ದೇಶದ ಗಾಜಿನ ಕುಶಲಿ ಫ್ರಾನ್‌ಹೋಫರನು, ಸೂರ್ಯನ ಈ ಪಟ್ಟಿಯು ಅಖಂಡವಾದುದಲ್ಲವೆಂದೂ ಅದರಲ್ಲಿ ಅಲ್ಲಲ್ಲಿ ಕರಿಯ ಗೆರೆಗಳಿವೆಯೆಂದೂ ಕಂಡರು. ಫ್ರಾನ್‌ಹೋಫರನು ಅಂಥ ಐನೂರಕ್ಕೂ ಮಿಕ್ಕ ಗೆರೆಗಳನ್ನು ಎಣಿಸಿ ನಕ್ಷೆ ಬರೆದು, ದೊಡ್ಡವುಗಳಿಗೆ ರೋಮನ್ ಅಕ್ಷರಗಳ ಹೆಸರಿಟ್ಟನು. ಅವು ಏಕಿವೆಯೆಂಬುದು ಅವನಿಗೆ ತಿಳಿಯಲಿಲ್ಲ. ತಿಳಿಯದುದನ್ನೂ ಅಷ್ಟು ಎಚ್ಚರದಿಂದ ಅಳೆದು ಬರೆದಿಟ್ಟನೆಂಬುದೇ ಅವನ ಹಿರಿಮೆ.

ಅರ್ಥವು ಹೊರಟದ್ದು ೧೮೫೯ರಲ್ಲಿ, ಹೈಡಲ್‌ಬರ್ಗಿನಲ್ಲಿ. ಉಪ್ಪುನೀರು ಉಕ್ಕಿ ಒಲೆಗೆ ಬಿದ್ದಾಗ ಜ್ವಾಲೆಯು ಹಳದಿಯಾಗುವುದನ್ನು ನಮ್ಮ ಮನೆಗಳ ಹೆಣ್ಣುಮಕ್ಕಳೆಲ್ಲರೂ ಬಲ್ಲರು. ಆ ಹಳದಿಯು ಉಪ್ಪಿನಲ್ಲಿರುವ ಸೋಡಿಯಂ ಧಾತುವಿನ ಗುರುತು. ಕಿರ್ಕಾಫ್ ಮತ್ತು ಬುನ್ಸೆನ್ ಎಂಬ ಪಂಡಿತರಿಬ್ಬರೂ ಒಂದೊಂದು ಧಾತುವಿಗೂ ತನ್ನದೇ ಆದ ಗೆರೆಗಳಿವೆಯೆಂದೂ, ಕಾದ ಅನಿಲವು ಒಂಟಿಯಾಗಿದ್ದರೆ ಆ ಗೆರೆಗಳನ್ನು ಹೊಳೆಯಿಸುವುದೆಂದೂ, ಅದೇ ಅನಿಲವು ತನಗಿಂತ ಬಿಸಿಯಾದ ಬೆಳಕಿನ ಮುಂದೆ ಅಡ್ಡನಿಂತರೆ ಅವೇ ಗೆರೆಗಳನ್ನು ಹೀರಿಕೊಂಡು ಕಪ್ಪಾಗಿಸುವುದೆಂದೂ ಸ್ಥಾಪಿಸಿದರು. ಆದುದರಿಂದ ಕರಿಯ ಗೆರೆಯೆಂದರೆ ಬೆಳಕಿಗೂ ನಮಗೂ ನಡುವೆ ಅನಿಲವೊಂದು ನಿಂತಿದೆಯೆಂಬುದಕ್ಕೆ ಸಾಕ್ಷಿ. ಇದನ್ನು ಶೋಷಣರೇಖೆಯೆಂದು ಕರೆಯೋಣ.

ಸೂರ್ಯನ ಪಟಲದ ನೇರಿಳೆ ಬಣ್ಣದ ಕೊನೆಯಲ್ಲಿ ಎಚ್ ಮತ್ತು ಕೆ ಎಂಬ ಎರಡು ಅಗಲವಾದ ಶೋಷಣರೇಖೆಗಳಿವೆ. ಅವು ಕ್ಯಾಲ್ಸಿಯಂ ಧಾತುವಿನವು. ಶಹಾಬಾದಿನ ಗಣಿಗಳಲ್ಲಿ ಪದರುಪದರಾಗಿ ಏಳುವ ಪರಸಿಯೂ, ವಾಡಿಯಿಂದ ಸಿಮೆಂಟಾಗಿ ಹೊರಡುವ ಸುಣ್ಣದ ಕಲ್ಲೂ ಇದೇ ಧಾತುವಿನಿಂದ ಆದುವು. ನಮ್ಮ ಪಡಸಾಲೆಯ ನೆಲದಲ್ಲಿರುವುದು ಸೂರ್ಯನಲ್ಲಿಯೂ ಇದೆಯೆಂದು ಹೇಳುವ ಧೈರ್ಯವನ್ನು ಕೊಟ್ಟುದು ಈ ಎರಡು ಗೆರೆಗಳು. ಈ ಕ್ಯಾಲ್ಸಿಯಂ ರೇಖೆಯು ಮುಂದೆ ಮತ್ತೊಮ್ಮೆ ಬರುವುದು, ವಾಚಕರು ನೆನಪಿಟ್ಟುಕೊಳ್ಳಬೇಕು.

ಇಲ್ಲಿಯವರೆಗಿನದು ಯುರೋಪಿನ ಕತೆ. ಇನ್ನು ಅದು ಕನ್ನಡನಾಡಿಗೆ ಇಳಿಯುತ್ತದೆ.

ವಿಭವ ಸಂವತ್ಸರದ ಶ್ರಾವಣ ಬಹುಳ ಅಮಾವಾಸ್ಯೆ, ನಮ್ಮ ಕಡೆಯವರು ಬೆನಕನ ಅಮಾವಾಸ್ಯೆಯೆಂದು ಕರೆಯುವ ದಿನ, ಮಂಗಳವಾರ, ಅಂದರೆ ೧೮೬೮ನೆಯ ಆಗಸ್ಟ್ ೧೮ರ ಬೆಳಿಗ್ಗೆ, ಖಗ್ರಾಸ ಸೂರ್ಯಗ್ರಹಣವೊಂದು ಘಟಿಸಿತು. ಚಂದ್ರನ ನೆರಳು ಏಡನ್ ಕಡೆಯಿಂದ ಸಮುದ್ರವನ್ನು ದಾಟಿ ಬಂದು, ಜಮಖಂಡಿ ವಿಜಾಪುರಗಳ ಮೇಲೆ ಹಾಯ್ದು, ನಿಜಾಮರ ಸೀಮೆಯನ್ನು ಅಡ್ಡಹಾಯ್ದು, ಗುಂಟೂರು ಮಚಲೀಪಟ್ಟಣಗಳ ಬಳಿ ಪೂರ್ವಸಮುದ್ರವನ್ನು ಸೇರಿತು. ವಿಜಾಪುರದಿಂದ ಗುಂಟೂರಿಗೆ ನೆಟ್ಟಗೆ ಒಂದು ಗೆರೆಯನ್ನೆಳೆದರೆ ಅದು ಯಾದಗಿರಿಯ ಆಸುಪಾಸಿನಲ್ಲಿ ಹಾದುಹೋಗುತ್ತದೆ. ಸೇಡಮ್ಮು ಆ ಗೆರೆಗೆ ಉತ್ತರದಲ್ಲಿ ಸುಮಾರು ಅರವತ್ತು ಕಿಲೋಮೀಟರು ದೂರದಲ್ಲಿದೆ. ನೆರಳಿನ ಅಗಲವಾದರೋ ಇನ್ನೂರು ಕಿಲೋಮೀಟರುಗಳಿಗೂ ಮಿಕ್ಕುದು. ಆದುದರಿಂದ ಕಾಗಿಣಾ ತೀರದ ನಮ್ಮ ಹಿರಿಯರು ಆ ಬೆಳಿಗ್ಗೆ ಹಗಲು ಹೋಗಿ ಕತ್ತಲೆಯಾದುದನ್ನು ಕಂಡವರೇ. ಆದರೆ ಈ ಸೀಮೆಗೆ ಅಂದು ರೈಲುಹಾದಿಯಿರಲಿಲ್ಲ. ಮುಂಬಯಿಯ ಹಾದಿ ರಾಯಚೂರನ್ನು ಮುಟ್ಟಿದ್ದು ೧೮೭೧ರಲ್ಲಿ; ವಾಡಿಯಿಂದ ಸಿಕಂದರಾಬಾದಿಗೆ ಗಾಡಿ ಓಡತೊಡಗಿದ್ದು ೧೮೭೪ರಲ್ಲಿ. ಉಪಕರಣಗಳನ್ನು ಹೊತ್ತ ಪಂಡಿತರು ನೆರಳಿನ ಹಾದಿಯ ಎರಡು ತುದಿಗಳಲ್ಲಿ, ಪಶ್ಚಿಮದಲ್ಲಿ ಜಮಖಂಡಿ ವಿಜಾಪುರಗಳಲ್ಲಿಯೂ ಪೂರ್ವದಲ್ಲಿ ಗುಂಟೂರು ಮಚಲೀಪಟ್ಟಣಗಳಲ್ಲಿಯೂ ನೆಲೆಮಾಡಿದರು.

ಜಮಖಂಡಿಗೆ ಬಂದವನು ಲೆಫ್ಟನೆಂಟ್ ಜಾನ್ ಹರ್ಷೆಲ್. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲನ ಮೊಮ್ಮಗ; ಭಾರತದ ಮಹಾ ತ್ರಿಕೋನಮಿತಿ ಮೋಜಣಿಯ ಅಧಿಕಾರಿ. ಲಂಡನ್ನಿನ ರಾಯಲ್ ಸೊಸೈಟಿಯವರು ವರ್ಣದರ್ಶಕವನ್ನು ಅವನ ಕೈಗೊಪ್ಪಿಸಿದ್ದರು. ಜತೆಯಲ್ಲಿ ಲೆಫ್ಟನೆಂಟ್ ಕ್ಯಾಂಬೆಲ್. ವಿಜಾಪುರದಲ್ಲಿ ಕ್ಯಾಪ್ಟನ್ ಹೇಗ್. ವಿಜಾಪುರದ ದಕ್ಷಿಣಕ್ಕೆ ಮುಳವಾಡದಲ್ಲಿ ಸ್ಪೋರರ್ ಮುಂತಾದ ಜರ್ಮನ್ ಪಂಡಿತರು. ಶ್ರಾವಣಮಾಸವಾದುದರಿಂದ ಮೋಡಗಳ ಕಾಟವು ಯಾರನ್ನೂ ಬಿಡಲಿಲ್ಲ. ಹರ್ಷೆಲನು ತೇಲಿಹೋಗುವ ಮೋಡಗಳ ಸಂದಿನಲ್ಲಿಯೇ ತನ್ನ ಕೆಲಸವನ್ನು ಮಾಡಿಕೊಳ್ಳಬೇಕಾಯಿತು. ಸೂರ್ಯಬಿಂಬವು ಪೂರ್ತಿಯಾಗಿ ಮುಚ್ಚಿದೊಡನೆಯೇ ಅಂಚಿನಲ್ಲಿ ಕೆಂಡದ ನಾಲಗೆಯಂತೆ ಎದ್ದು ನಿಂತ ಜ್ವಾಲೆಯ ಕಡೆಗೆ ವರ್ಣದರ್ಶಕವನ್ನು ತಿರುಗಿಸಿದಾಗ, ಅಖಂಡವಾದ ಬಣ್ಣದ ಪಟ್ಟಿಯು ಕಾಣಿಸಲಿಲ್ಲ. ಕತ್ತಲೆಯ ನಡುವೆ ಕೆಂಪು, ಕಿತ್ತಳೆ, ನೀಲಿಯ ಮೂರು ಗೆರೆಗಳು ತೀಕ್ಷ್ಣವಾಗಿ ಹೊಳೆದುವು. ವಿಜಾಪುರದಲ್ಲಿ ಹೇಗನು ಕೈಯಲ್ಲಿ ಹಿಡಿಯುವ ಚಿಕ್ಕ ಉಪಕರಣದಿಂದ ಗುಲಾಬಿಯದೊಂದು ಹೊನ್ನಬಣ್ಣದ್ದೊಂದು, ಹೀಗೆ ಎರಡು ಪಟ್ಟಿಗಳನ್ನು ಕಂಡನು. ಸೂರ್ಯನ ಆ ಜ್ವಾಲೆಗಳು ಕಾದ ಅನಿಲದವೆಂಬುದು ಅಂದಿಗೆ ತೀರ್ಮಾನವಾಯಿತು.

ಗುಂಟೂರಿನಲ್ಲಿ ಫ್ರೆಂಚ್ ಪಂಡಿತ ಜಾನ್ಸೆನ್ನನೂ ಮೇಜರ್ ಟೆನೆಂಟನೂ, ಮಚಲೀಪಟ್ಟಣದಲ್ಲಿ ಮದರಾಸಿನ ಪೋಗ್‌ಸನ್ನನೂ ಇಂಥವೇ ಗೆರೆಗಳನ್ನು ಕಂಡರು. ಹೀಲಿಯಂ ಎಂಬ ಧಾತುವು ಗುಂಟೂರಿನಲ್ಲಿ, ಅದೇ ದಿನ, ಜಾನ್ಸೆನ್ನನಿಂದ ಕಂಡುಹಿಡಿಯಲ್ಪಟ್ಟಿತೆಂದು ಅನೇಕ ಪುಸ್ತಕಗಳಲ್ಲಿ ಬರೆದಿರುವುದನ್ನು ನೋಡುತ್ತೇವೆ. ಇದನ್ನು ಒಪ್ಪುವುದು ಕಷ್ಟ. ಆ ದಿನ ಹಳದಿಯ ಗೆರೆಯನ್ನು ಕಂಡವರು ಹಲವರು. ಆದರೆ ಅದು ಸೋಡಿಯಮ್ಮಿನದಲ್ಲ, ಬೇರೆಯದೆಂದು ಸ್ಥಾಪಿಸಿದವರು ಅವರಲ್ಲಿ ಯಾರೂ ಅಲ್ಲ. ಜಾನ್ಸೆನ್ನನ ಕೀರ್ತಿಯು ಬೇರೊಂದರಲ್ಲಿದೆ: ಗ್ರಹಣವು ಬಿಟ್ಟ ಮರುದಿನವೇ, ಹಾಡುಹಗಲಿನಲ್ಲಿ, ಅದೇ ಜ್ವಾಲೆಗಳ ಗೆರೆಗಳನ್ನು ನೋಡುವ ಉಪಾಯವನ್ನು ಅವನು ಸಾಧಿಸಿದನು. ಇಂಗ್ಲೆಂಡಿನಲ್ಲಿ ಲಾಕ್ಯರನು ಸ್ವತಂತ್ರವಾಗಿ ಅದೇ ಉಪಾಯದಿಂದ ಅಕ್ಟೋಬರ್ ೨೦ರಂದು ನೋಡಿ, ಆ ಹಳದಿಯ ಗೆರೆಯು ಸೋಡಿಯಮ್ಮಿನ ಗೆರೆಗಳ ಸ್ಥಾನಕ್ಕೆ ಸರಿಹೊಂದುವುದಿಲ್ಲವೆಂದು ಅಳೆದು ತೋರಿಸಿದನು. ಭೂಮಿಯ ಮೇಲೆ ಆ ಧಾತುವು ರಾಮ್‌ಸೇ ಪಂಡಿತನ ಕೈಗೆ ಸಿಕ್ಕಿದ್ದು ೧೮೯೫ರಲ್ಲಿ. ಹೀಗಿರಲಾಗಿ, ಗುಂಟೂರಿಗೆ ಕೊಡುವ ಕೀರ್ತಿಯಲ್ಲಿ ಜಮಖಂಡಿಗೂ ವಿಜಾಪುರಕ್ಕೂ ಸಮಪಾಲು ಸಲ್ಲಬೇಕಾದುದು ನ್ಯಾಯ. ನಮ್ಮವರು ಆ ಪಾಲನ್ನು ಕೇಳಿದಂತೆ ತೋರುವುದಿಲ್ಲ.

ಇಲ್ಲಿ ಒಂದು ಮಾತನ್ನು ಗುರುತಿಸಿಕೊಳ್ಳಬೇಕು. ಸೂರ್ಯನ ಸುತ್ತಲಿನ ಅನಿಲವು ಎಂದೂ ಅಲ್ಲಿಯೇ ಇದೆ. ಆದರೆ ಬಿಂಬದ ಪ್ರಖರತೆಯಲ್ಲಿ ಅದು ಅಡಗಿಹೋಗುತ್ತದೆ. ಚಂದ್ರನು ಬಿಂಬವನ್ನು ಮುಚ್ಚಿದ ಐದಾರು ನಿಮಿಷ ಮಾತ್ರ ಅನಿಲವು ತನ್ನದೇ ಬೆಳಕಿನಿಂದ ತಾನು ಕಾಣಿಸಿಕೊಂಡಿತು. ಜ್ಯೋತಿಯೊಂದರ ಸುತ್ತಲಿನ ಅನಿಲವನ್ನು ಕಾಣಬೇಕಾದರೆ ಜ್ಯೋತಿಯನ್ನು ಮರೆಮಾಡಬೇಕು. ಹಾಗೆ ಮರೆಮಾಡುವವರಿಲ್ಲದ ಕಡೆಯಲ್ಲಿ ಏನು ಮಾಡತಕ್ಕದ್ದು? ಆಗ ಅನಿಲವು ಬೆಳಕಿನ ಮೇಲೆ ಬೀರಿದ ನೆರಳನ್ನು, ಎಂದರೆ ಕರಿಯ ಗೆರೆಯನ್ನು, ಓದುವುದೊಂದೇ ದಾರಿ. ಆದರೆ ಆ ಗೆರೆಯನ್ನು ಮಾಡಿದ ಅನಿಲವು ಜ್ಯೋತಿಯ ಮಗ್ಗುಲಿನಲ್ಲಿಯೇ ಇದೆಯೋ, ಅಲ್ಲವೆ ನಡುದಾರಿಯಲ್ಲೆಲ್ಲೋ ಇದೆಯೋ? ಗೆರೆಯು ತಾನಾಗಿ ಅದನ್ನು ಹೇಳುವುದಿಲ್ಲ. ಪರಸಿಯ ಪದರುಗಳನ್ನು ಮೇಲಿನಿಂದ ನೋಡಿದವನಿಗೆ ಯಾವ ಪದರು ಎಷ್ಟು ಆಳದಲ್ಲಿದೆಯೆಂಬುದು ತಿಳಿಯದಿರುವ ಹಾಗೆ.

ಈ ತೊಡಕಿಗೆ ಮೊದಲ ಪರಿಹಾರವು ೧೯೦೪ರಲ್ಲಿ ಜರ್ಮನಿಯ ಪಾಟ್ಸ್‌ಡ್ಯಾಮ್ ವೇಧಶಾಲೆಯಲ್ಲಿ ದೊರೆಯಿತು. ವಾಡಿ ಜಂಕ್ಷನ್ನಿನಲ್ಲಿ ನಿಂತವರು ಸಿಳ್ಳು ಹಾಕುತ್ತ ಬರುವ ಗಾಡಿಯ ದನಿಯು ಹತ್ತಿರ ಬರುವಾಗ ಏರಿ, ದಾಟಿ ಹೋಗುವಾಗ ಇಳಿಯುವುದನ್ನು ಕೇಳಿಬಲ್ಲರು. ಬೆಳಕಿಗೂ ಈ ಧರ್ಮವುಂಟು: ನಮ್ಮ ಕಡೆಗೆ ಬರುವ ವಸ್ತುವಿನ ಗೆರೆಗಳು ನೀಲಿಯ ಕಡೆಗೂ, ನಮ್ಮಿಂದ ದೂರ ಸರಿಯುವ ವಸ್ತುವಿನ ಗೆರೆಗಳು ಕೆಂಪಿನ ಕಡೆಗೂ ಜರುಗುತ್ತವೆ. ಮೃಗಶಿರೆಯ ಹತ್ತಿರ ಸಾಲಾಗಿ ನಿಂತ ಮೂರು ನಕ್ಷತ್ರಗಳಲ್ಲಿ ಒಂದು ನಿಜವಾಗಿ ಜೋಡಿನಕ್ಷತ್ರ. ಒಂದನ್ನೊಂದು ಸುತ್ತುವುದರಿಂದ ಅದರ ಗೆರೆಗಳು ದಿನದಿನಕ್ಕೆ ಅತ್ತ ಇತ್ತ ತೂಗಾಡುತ್ತವೆ. ಹಾರ್ಟ್‌ಮನ್ ಎಂಬ ಪಂಡಿತನು ಇದನ್ನು ಅಳೆಯುತ್ತಿರುವಾಗ, ಕ್ಯಾಲ್ಸಿಯಮ್ಮಿನ ಕೆ ರೇಖೆ ಮಾತ್ರ ಮಿಕ್ಕ ಗೆರೆಗಳೊಡನೆ ತೂಗಾಡದೆ ತನ್ನ ಸ್ಥಾನದಲ್ಲಿಯೇ ನಿಂತಿರುವುದನ್ನು ಕಂಡನು. ನಕ್ಷತ್ರದ ಆಟದಲ್ಲಿ ಸೇರದಿದ್ದ ಆ ಗೆರೆಯು ನಕ್ಷತ್ರದ್ದಲ್ಲ. ಅದಕ್ಕೂ ನಮಗೂ ನಡುವಣ ಬಯಲಿನಲ್ಲಿ ತೇಲುವ ಅನಿಲದ್ದು! ಶೂನ್ಯವೆಂದು ಎಲ್ಲರೂ ನಂಬಿದ್ದ ಆಕಾಶದಲ್ಲಿ ನಮ್ಮ ಸುಣ್ಣದ ಧಾತುವೇ ಇದ್ದಿತು. ಬದಲಾಗುವ ಗೆರೆಗಳ ನಡುವೆ ಬದಲಾಗದ ಗೆರೆಯೊಂದನ್ನು ಗುರುತಿಸಿದುದರಿಂದ ಸಿಕ್ಕಿದ ಜ್ಞಾನವಿದು. ಕ್ವೇಸಾರುಗಳಲ್ಲಿ ಇದೇ ನ್ಯಾಯವು ತಿರುಗುಮುರುಗಾಗಿ ಉಪಯೋಗಕ್ಕೆ ಬಂದಿದೆ.

ಅದೇ ಕಾಲದಲ್ಲಿ ನಮ್ಮ ದೇಶದಲ್ಲಿಯೂ ಈ ಕೆಲಸವು ನಡೆದಿತ್ತು. ೧೮೯೯ರಲ್ಲಿ ಕೊಡೈಕನಾಲಿನಲ್ಲಿ ಏರ್ಪಟ್ಟ ಸೌರ ವೇಧಶಾಲೆಯಲ್ಲಿ ಎವರ್‌ಶೆಡ್ಡನು ೧೯೦೯ರಲ್ಲಿ, ಸೂರ್ಯನ ಕಲೆಗಳ ಅನಿಲವು ನಡುವಿನಿಂದ ಹೊರಕ್ಕೆ ಹರಿಯುತ್ತಿರುವುದನ್ನು ಗೆರೆಗಳ ಜರುಗುವಿಕೆಯಿಂದಲೇ ಕಂಡುಹಿಡಿದನು. ೧೯೦೭ರಿಂದ ಅಲ್ಲಿ ಕ್ಯಾಲ್ಸಿಯಂ ಕೆ ರೇಖೆಯ ಬೆಳಕಿನಲ್ಲಿ ತೆಗೆದ ಸೂರ್ಯನ ಚಿತ್ರಗಳು ಕಾಯ್ದಿಡಲ್ಪಟ್ಟು ಇಂದಿಗೂ ಬಳಕೆಯಲ್ಲಿವೆ.

ಇನ್ನು ನಮ್ಮದೇ ಸಂಸ್ಥಾನದ ವಿಚಾರ. ಸೇಡಂ, ಚಿತ್ತಾಪುರ, ಚಿಂಚೋಳಿಗಳು ೧೯೪೮ರವರೆಗೆ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದುವು. ಆ ರಾಜಧಾನಿಯಲ್ಲಿ ನವಾಬ ಜಫರ್ ಜಂಗನು ೧೯೦೧ರಲ್ಲಿ ಸ್ವಂತ ಹಣದಿಂದ ಒಂದು ವೇಧಶಾಲೆಯನ್ನು ಕಟ್ಟಿಸಿ, ಹದಿನೈದು ಅಂಗುಲದ ದೂರದರ್ಶಕವನ್ನು ತರಿಸಿದನು. ಅವನ ತರುವಾಯ ೧೯೦೮ರಲ್ಲಿ ಸಂಸ್ಥಾನ ಸರ್ಕಾರವು ಅದನ್ನು ವಹಿಸಿಕೊಂಡಿತು. ನಿಜಾಮಿಯಾ ವೇಧಶಾಲೆಯೆಂದು ಅದಕ್ಕೆ ಹೆಸರು. ಆ ಕಾಲದಲ್ಲಿ ಆಕಾಶವನ್ನೆಲ್ಲ ಪಟ್ಟಿಪಟ್ಟಿಯಾಗಿ ವಿಭಾಗಿಸಿ, ಒಂದೊಂದು ಪಟ್ಟಿಯನ್ನು ಒಂದೊಂದು ದೇಶದ ವೇಧಶಾಲೆಯು ಛಾಯಾಚಿತ್ರವಾಗಿ ತೆಗೆದು, ನಕ್ಷತ್ರಗಳ ಸ್ಥಾನಗಳನ್ನು ಅಳೆದು ಬರೆಯಬೇಕೆಂಬ ಮಹಾಕಾರ್ಯವು ಪ್ಯಾರಿಸಿನಿಂದ ಆರಂಭವಾಗಿತ್ತು. ಖಗೋಳದ ವಿಷುವದ್ವೃತ್ತದಿಂದ ದಕ್ಷಿಣಕ್ಕೆ ಹದಿನೇಳರಿಂದ ಇಪ್ಪತ್ತಮೂರು ಅಂಶಗಳವರೆಗಿನ ಪಟ್ಟಿಯು ಹೈದರಾಬಾದಿಗೆ ಬಂದಿತು. ಅದನ್ನು ಮುಗಿಸಿದ ಮೇಲೆ, ಪಾಟ್ಸ್‌ಡ್ಯಾಮಿನವರ ಪಾಲಿನಲ್ಲಿ ಉಳಿದುಹೋಗಿದ್ದ ಉತ್ತರದ ಮೂವತ್ತಾರರಿಂದ ಮೂವತ್ತೊಂಬತ್ತು ಅಂಶಗಳ ಪಟ್ಟಿಯನ್ನೂ ಹೈದರಾಬಾದಿನವರೇ ಕೈಗೊಂಡರು. ಪಾಟ್ಸ್‌ಡ್ಯಾಮ್ ಎಂದರೆ ಹಾರ್ಟ್‌ಮನ್ನನ ಊರೇ! ಚಾಟ್‌ವುಡ್, ಪೋಕಾಕ್, ಆಮೇಲೆ ಟಿ. ಪಿ. ಭಾಸ್ಕರನ್ ಇವರ ಮೇಲ್ವಿಚಾರಣೆಯಲ್ಲಿ ದಶಕಗಳ ಕಾಲ ನಡೆದ ಈ ಕೆಲಸದಲ್ಲಿ ಚಮತ್ಕಾರವೇನೂ ಇರಲಿಲ್ಲ. ಗಾಜಿನ ಫಲಕದ ಮೇಲಿನ ಚುಕ್ಕೆಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಒಂದೊಂದಾಗಿ ಅಳೆದು ಸಂಪುಟಗಳಲ್ಲಿ ಬರೆಯುವುದು. ಬೇಸರದ ಕೆಲಸವೆಂದು ತಿಳಿದವರು ಮುಂದಿನ ಸಂಗತಿಯನ್ನು ಕೇಳಬೇಕು.

ಎರಡನೆಯ ಮಹಾಯುದ್ಧದ ತರುವಾಯ ರೇಡಿಯೋ ಅಲೆಗಳಿಂದ ಆಕಾಶವನ್ನು ಶೋಧಿಸತೊಡಗಿದಾಗ, ಅಲೆಗಳು ಬರುತ್ತಿರುವ ಕೆಲವು ಸ್ಥಾನಗಳಲ್ಲಿ ಏನಿದೆಯೆಂದು ಗೊತ್ತಾಗಲಿಲ್ಲ. ೩ಸಿ ೨೭೩ ಎಂಬ ಗುರುತಿನ ಅಂಥದೊಂದು ಸ್ಥಾನವು ಕನ್ಯಾರಾಶಿಯ ದಿಕ್ಕಿನಲ್ಲಿದೆ. ೧೯೬೨ರಲ್ಲಿ ಚಂದ್ರನು ಅದನ್ನು ಮರೆಮಾಡುವ ಯೋಗವು ಬಂದಿತು. ಆಸ್ಟ್ರೇಲಿಯದ ಪಾರ್ಕ್ಸ್ ಎಂಬಲ್ಲಿಯ ರೇಡಿಯೋ ದರ್ಶಕದಿಂದ ಹಜಾರ್ಡ್ ಮೊದಲಾದವರು ಅಲೆಗಳು ನಿಂತ ಕ್ಷಣವನ್ನೂ ಮರಳಿ ಬಂದ ಕ್ಷಣವನ್ನೂ ಗುರುತಿಸಿ, ಅದರ ಸ್ಥಾನವನ್ನು ಕರಾರುವಾಕ್ಕಾಗಿ ತಿಳಿದರು. ೧೮೬೮ರಲ್ಲಿ ಜಮಖಂಡಿಯ ಮೇಲೆ ಸೂರ್ಯನನ್ನು ಮುಚ್ಚಿ ಉಪಕಾರ ಮಾಡಿದ ಚಂದ್ರನೇ ಇಲ್ಲಿಯೂ ದಾರಿ ತೋರಿಸಿದನು. ಆ ಸ್ಥಾನದಲ್ಲಿ ಸಾಧಾರಣ ನಕ್ಷತ್ರದಂಥದೊಂದು ಚುಕ್ಕೆಯಿದ್ದಿತು. ಅದರ ವರ್ಣಪಟಲದ ಗೆರೆಗಳು ಯಾವ ಧಾತುವಿಗೂ ಹೊಂದದೆ ಇದ್ದಾಗ, ೧೯೬೩ರಲ್ಲಿ ಮಾರ್ಟನ್ ಸ್ಮಿಟ್ ಎಂಬ ಪಂಡಿತನು ಅವು ಹೈಡ್ರೋಜನ್ನಿನ ಪರಿಚಿತ ಗೆರೆಗಳೇ, ಆದರೆ ನೂರಕ್ಕೆ ಸುಮಾರು ಹದಿನಾರರಷ್ಟು ಕೆಂಪಿನ ಕಡೆಗೆ ಜರುಗಿವೆ ಎಂದು ಗುರುತಿಸಿದನು. ವಿಶ್ವವು ಹಿಗ್ಗುತ್ತಿರುವುದರಿಂದ ಆಗುವ ಜರುಗುವಿಕೆಯಿದು. ಆ ಚುಕ್ಕೆಯ ಬೆಳಕು ಅಲ್ಲಿಂದ ಹೊರಟು ಇನ್ನೂರು ಕೋಟಿ ವರ್ಷಗಳಿಗೂ ಮಿಕ್ಕಿದೆ. ಇಂಥ ಜ್ಯೋತಿಗಳಿಗೆ ಕ್ವೇಸಾರುಗಳೆಂದು ಹೆಸರಾಯಿತು. ನಕ್ಷತ್ರಮಂಡಲವೊಂದರ ನಡುವಿನಲ್ಲಿರುವ ಮಹತ್ತಾದ ಕಪ್ಪುಕುಳಿಯೊಳಕ್ಕೆ ಸುತ್ತಿಸುತ್ತಿ ಬೀಳುವ ಅನಿಲವು ಕಾದು ಉರಿಯುವ ಬೆಳಕೇ ಇದೆಂದು ಈಗ ತಿಳಿದಿದೆ.

ಆಗ ಒ೦ದು ಪ್ರಶ್ನೆ ಎದ್ದಿತು: ಈ ಚುಕ್ಕೆಯ ಬೆಳಕು ಸ್ಥಿರವೋ, ಬದಲಾಗುವುದೋ? ಉತ್ತರವು ಅಮೆರಿಕದ ಹಾರ್ವರ್ಡ್ ವೇಧಶಾಲೆಯ ಕಪಾಟುಗಳಲ್ಲಿದ್ದಿತು. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಯಾವ ವಿಶೇಷೋದ್ದೇಶವೂ ಇಲ್ಲದೆ ಆಕಾಶವನ್ನು ಮತ್ತೆ ಮತ್ತೆ ಚಿತ್ರಿಸಿ ಕಾಯ್ದಿಟ್ಟಿದ್ದ ಗಾಜಿನ ಫಲಕಗಳಲ್ಲಿ ೩ಸಿ ೨೭೩ ಯಾರ ಗಮನಕ್ಕೂ ಬಾರದೆ ಕುಳಿತಿತ್ತು. ೧೯೬೩ರಲ್ಲಿ ಸ್ಮಿತ್ ಮತ್ತು ಡಾರಿಟ್ ಹಾಫ್ಲೈಟ್ ಎಂಬವರು ಆ ಫಲಕಗಳನ್ನು ತೆಗೆದು ಅಳೆದು, ಅದರ ಬೆಳಕು ಏರಿಳಿಯುತ್ತ ಬಂದಿದೆಯೆಂದು ತೋರಿಸಿದರು. ನಮ್ಮ ಹೈದರಾಬಾದಿನ ಪಟ್ಟಿಗಳಲ್ಲಿ ಈ ಚುಕ್ಕೆಯು ಬರುವುದಿಲ್ಲ. ಅದು ವಿಷುವದ್ವೃತ್ತದ ಹತ್ತಿರದ್ದು. ಹಾಗೆಂದು ಆ ಸಂಪುಟಗಳ ಬೆಲೆ ಕಡಿಮೆಯಾಗುವುದಿಲ್ಲ: ಬರೆದಿಡುವವನಿಗೆ ಮುಂದೆ ಯಾವುದು ಬೇಕಾಗುವುದೆಂಬುದು ಗೊತ್ತಿರುವುದಿಲ್ಲವಷ್ಟೆ.

೧೯೬೬ರಿಂದೀಚೆಗೆ ಕ್ವೇಸಾರುಗಳ ಪಟಲದಲ್ಲಿ ಶೋಷಣರೇಖೆಗಳೂ ಕಾಣತೊಡಗಿದುವು. ಅವುಗಳಲ್ಲಿ ಎರಡು ಬಗೆ. ಒಂದು ಬಗೆಯವು ಕೂದಲಿನಂತೆ ಸಣ್ಣ ಗೆರೆಗಳು. ಬಹುಮಟ್ಟಿಗೆ ಕ್ವೇಸಾರಿಗೂ ನಮಗೂ ನಡುವೆ ಇರುವ ಬೇರೆ ಮಂಡಲಗಳ ಮತ್ತು ಬಯಲಿನ ಅನಿಲದವು. ಹಾರ್ಟ್‌ಮನ್ನನ ಕ್ಯಾಲ್ಸಿಯಂ ರೇಖೆಯ ಹಾಗೆ ಇವು ನಡುದಾರಿಯವು. ಇನ್ನೊಂದು ಬಗೆಯವು ಅಗಲವಾಗಿ, ಪಟಲದಲ್ಲಿ ಕಂದಕ ತೋಡಿದಂತೆ ಕಾಣತಕ್ಕವು. ೧೯೬೭ರಲ್ಲಿ ಲಿಂಡ್ಸ್ ಎಂಬವನು ಇಂಥದೊಂದನ್ನು ಮೊದಲು ವರ್ಣಿಸಿದನು. ಇವು ಕ್ವೇಸಾರಿನ ಸ್ವಂತ ಗೆರೆಗಳಿಗಿಂತ ನೀಲಿಯ ಕಡೆಗೆ ಜರುಗಿರುತ್ತವೆ. ಎಂದರೆ ಆ ಅನಿಲವು ಕ್ವೇಸಾರಿನಿಂದ ಹೊರಟು ನಮ್ಮ ಕಡೆಗೆ ನುಗ್ಗಿ ಬರುತ್ತಿದೆ. ಅದರ ವೇಗವು ಸೆಕೆಂಡಿಗೆ ಸಾವಿರಾರು ಕಿಲೋಮೀಟರು. ಕೆಲವು ಕಡೆ ಬೆಳಕಿನ ವೇಗದ ಹತ್ತರಲ್ಲೊಂದು ಪಾಲು. ಬೀಸುವ ಕಲ್ಲಿನ ಬಾಯಿಗೆ ಹಾಕಿದ ಕಾಳು ಒಳಗೇ ಉಳಿಯದೆ ಸುತ್ತಲೂ ಹಿಟ್ಟಾಗಿ ಚೆಲ್ಲುವಂತೆ, ಕಪ್ಪುಕುಳಿಯ ಕಡೆಗೆ ಹೊರಟ ಅನಿಲದಲ್ಲಿ ಒಂದು ಪಾಲು ಬೆಳಕಿನ ಒತ್ತಡದಿಂದಲೂ ಇತರ ಬಲಗಳಿಂದಲೂ ಹೊರಕ್ಕೆ ತೂರಲ್ಪಡುತ್ತದೆ. ಉಪಮಾನವು ಪೂರ್ತಿಯಾಗಿ ಹೊಂದದು. ಕಲ್ಲಿನಿಂದ ಎಲ್ಲವೂ ಹೊರಬರುತ್ತದೆ, ಕುಳಿಯೊಳಕ್ಕೆ ಬಿದ್ದುದು ಬರುವುದಿಲ್ಲ.

ಈ ಅನಿಲವು ಎಷ್ಟು ದೂರದಲ್ಲಿದೆ, ಎಷ್ಟು ದಟ್ಟವಾಗಿದೆಯೆಂಬುದು ಬರಿಯ ಕುತೂಹಲದ ಪ್ರಶ್ನೆಯಲ್ಲ. ನಕ್ಷತ್ರಗಳು ಹುಟ್ಟುವುದು ಅನಿಲದಿಂದ. ಹೊರಕ್ಕೆ ನುಗ್ಗುವ ಈ ಗಾಳಿಯು ಮಂಡಲದ ಅನಿಲವನ್ನೆಲ್ಲ ಗುಡಿಸಿಕೊಂಡು ಹೋಗುವಷ್ಟು ಬಲವುಳ್ಳದ್ದಾದರೆ, ಅಲ್ಲಿ ಮುಂದೆ ನಕ್ಷತ್ರಗಳು ಹುಟ್ಟುವುದು ನಿಂತುಹೋಗಬಹುದು. ಒಂದು ಮಂಡಲದ ಬೆಳವಣಿಗೆಯೇ ಇದರ ಮೇಲೆ ನಿಂತಿದೆ. ಆದರೆ ಬಲವನ್ನು ಅಳೆಯಬೇಕಾದರೆ ದೂರ ತಿಳಿಯಬೇಕು. ಒಂದು ಸಲ ತೆಗೆದ ವರ್ಣಪಟಲದಿಂದ ಅದು ಸುಲಭವಾಗಿ ತಿಳಿಯುವುದಿಲ್ಲ. ಚಂದ್ರನೂ ಇಲ್ಲಿ ಒದಗುವುದಿಲ್ಲ.

ಇಲ್ಲಿಯೇ ಕಾಲವು ನೆರವಿಗೆ ಬರುತ್ತದೆ. ನಡುದಾರಿಯಲ್ಲಿರುವ ಮಂಡಲದ ಅನಿಲವು ಮನುಷ್ಯನ ಆಯುಷ್ಯದಲ್ಲಿ ಕಾಣುವಷ್ಟು ಬದಲಾಗುವುದು ತೀರ ವಿರಳ. ಹಾಗಾದುದರಿಂದ ಯಾವ ಶೋಷಣರೇಖೆಯು ಕೆಲವೇ ವರ್ಷಗಳಲ್ಲಿ ಆಳವಾಗುತ್ತದೆಯೋ, ತೆಳ್ಳಗಾಗುತ್ತದೆಯೋ, ಅಳಿಸಿಯೇ ಹೋಗುತ್ತದೆಯೋ, ಅದು ಕ್ವೇಸಾರಿನ ಬಳಿಯದೆಂದು ನಂಬಲು ಬಲವಾದ ಆಧಾರವಾಗುತ್ತದೆ. ಹಾರ್ಟ್‌ಮನ್ನನಿಗೆ ನಿಂತ ಗೆರೆಯು ದೂರದ ಸಾಕ್ಷಿಯಾಯಿತು. ಇಲ್ಲಿ ಬದಲಾಗುವ ಗೆರೆಯು ಸಾಮೀಪ್ಯದ ಸಾಕ್ಷಿ.

ಬದಲಾವಣೆಗೆ ಕಾರಣಗಳು ಎರಡಿರಬಹುದು. ಅನಿಲದ ಮೋಡವೊಂದು ಅಡ್ಡಲಾಗಿ ಚಲಿಸಿ ನಮ್ಮ ದೃಷ್ಟಿರೇಖೆಯೊಳಕ್ಕೆ ಬರಬಹುದು, ಅಥವಾ ಅದರಿಂದ ಆಚೆಗೆ ಸರಿಯಬಹುದು. ದೀಪದ ಮುಂದೆ ಹೊಗೆಯ ಸುರುಳಿ ಹಾದುಹೋಗುವಂತೆ. ಹಾಗಾದರೆ ಅದು ದಾಟಲು ತೆಗೆದುಕೊಂಡ ಕಾಲದಿಂದ ಅದರ ವೇಗವನ್ನೂ, ವೇಗದಿಂದ ಅದು ಕಪ್ಪುಕುಳಿಯಿಂದಿರುವ ದೂರವನ್ನೂ ಊಹಿಸಬಹುದು. ಇಲ್ಲವೆ ಮೋಡವು ಇದ್ದಲ್ಲಿಯೇ ಇದ್ದು, ಕ್ವೇಸಾರಿನ ಬೆಳಕು ಹೆಚ್ಚಿದಾಗ ಅದರ ಪರಮಾಣುಗಳು ಇನ್ನಷ್ಟು ಇಲೆಕ್ಟ್ರಾನುಗಳನ್ನು ಕಳೆದುಕೊಂಡು ಆ ಗೆರೆಯನ್ನು ಹೀರುವ ಶಕ್ತಿಯನ್ನೇ ನೀಗಿಕೊಂಡಿರಬಹುದು. ಬೆಳಕು ತಗ್ಗಿದಾಗ ಅವು ಇಲೆಕ್ಟ್ರಾನುಗಳನ್ನು ಮರಳಿ ಪಡೆಯಬೇಕು. ದಟ್ಟವಾದ ಅನಿಲದಲ್ಲಿ ಇದು ಬೇಗ, ವಿರಳವಾದುದರಲ್ಲಿ ತಡ. ಆದುದರಿಂದ ಗೆರೆಯು ಎಷ್ಟು ಬೇಗ ಬದಲಾಯಿತೆಂಬುದೇ ಅನಿಲದ ದಟ್ಟಣೆಯ ಅಳತೆ. ದಟ್ಟಣೆ ತಿಳಿದರೆ ದೂರವನ್ನು ಲೆಕ್ಕಹಾಕುವ ದಾರಿ ತೆರೆಯಿತು. ಇವೆರಡರಲ್ಲಿ ಯಾವುದು ನಿಜವೆಂದು ನಿರ್ಣಯಿಸುವುದಕ್ಕೂ ಒಂದು ಉಪಾಯವುಂಟು. ಒಂದೇ ಕ್ವೇಸಾರಿನಲ್ಲಿ ಬೇರೆಬೇರೆ ವೇಗದ ಹಲವು ರೇಖೆಗಳಿದ್ದು ಅವೆಲ್ಲವೂ ಒಟ್ಟಿಗೆ ಏರಿಳಿದರೆ ದೀಪವೇ ಬದಲಾಗಿರಬೇಕು. ಒಂದು ಮಾತ್ರ ಬದಲಾದರೆ ಹೊಗೆಯು ಚಲಿಸಿರಬೇಕು. ಎರಡೂ ಬೆರೆತಿರುವ ಪ್ರಸಂಗಗಳು ಇಲ್ಲದೆ ಇಲ್ಲ. ಪಂಡಿತರಲ್ಲಿ ಚರ್ಚೆಯು ಇನ್ನೂ ನಡೆದಿದೆ.

೧೯೮೦ರ ದಶಕದಲ್ಲಿ ಇಂಥ ಬದಲಾವಣೆಗಳು ಒಂದೊಂದಾಗಿ ವರದಿಯಾದುವು. ಅಮೆರಿಕದಲ್ಲಿ ೨೦೦೦ದಲ್ಲಿ ಆರಂಭವಾದ ಸ್ಲೋನ್ ಸಮೀಕ್ಷೆಯು ಸಾವಿರಾರು ಕ್ವೇಸಾರುಗಳ ಪಟಲಗಳನ್ನು ತೆಗೆದಿಟ್ಟಿತು. ಕೆಲವು ವರ್ಷಗಳ ಬಳಿಕ ಅವುಗಳಲ್ಲಿ ಹಲವನ್ನು ಮತ್ತೆ ತೆಗೆಯಲಾಯಿತು. ೨೦೧೨ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯಲ್ಲಿ, ಅಗಲವಾದ ರೇಖೆಗಳುಳ್ಳ ೫೮೨ ಕ್ವೇಸಾರುಗಳನ್ನು ಹೋಲಿಸಿ ನೋಡಲಾಗಿ, ೧೯ ಕ್ವೇಸಾರುಗಳಲ್ಲಿ ಇಂಗಾಲದ ೨೧ ರೇಖೆಗಳು ಪೂರ್ತಿಯಾಗಿ ಮಾಯವಾಗಿದ್ದುವು. ನಮ್ಮ ದೃಷ್ಟಿರೇಖೆಯಲ್ಲಿ ಅಂಥ ಒಂದು ರೇಖೆಯ ಸರಾಸರಿ ಆಯುಸ್ಸು ಸುಮಾರು ನೂರು ವರ್ಷವೆಂದು ಅದರಿಂದ ಎಣಿಸಲಾಯಿತು. ನೂರಾರು ಕೋಟಿ ವರ್ಷಗಳ ಲೆಕ್ಕದ ನಡುವೆ, ಮನುಷ್ಯನ ಆಯುಷ್ಯದಷ್ಟು ಚಿಕ್ಕದಾದ ಈ ಅಂಕಿಯನ್ನು ಕಂಡು ಆಶ್ಚರ್ಯವಾಗುತ್ತದೆ.

ನಮ್ಮ ದೇಶದವರೂ ಇದರಲ್ಲಿ ಹಿಂದುಳಿದಿಲ್ಲ. ಪುಣೆಯ ಜುನ್ನರದ ಬಳಿಯ ಗಿರವಲಿಯಲ್ಲಿ ಎರಡು ಮೀಟರಿನ ದೂರದರ್ಶಕವೊಂದಿದೆ. ಎಂ. ವಿವೇಕ್, ಶ್ರೀಆನಂದ್ ಮುಂತಾದ ವಿದ್ವಾಂಸರು ಅದರಿಂದ ಮೆಗ್ನೀಸಿಯಂ ಮೊದಲಾದ ಧಾತುಗಳ ಅಗಲವಾದ ರೇಖೆಗಳನ್ನು ತೋರಿಸುವ ಕ್ವೇಸಾರುಗಳನ್ನು ವರ್ಷವರ್ಷವೂ ನೋಡುತ್ತ ಬಂದರು. ಅವುಗಳಲ್ಲಿ ಒಂದು ಕನ್ಯಾರಾಶಿಯಲ್ಲಿ, ಚಿತ್ತಾ ನಕ್ಷತ್ರಕ್ಕೆ ಉತ್ತರದಲ್ಲಿದೆ. ಸ್ಲೋನ್ ಸಮೀಕ್ಷೆಯ ಹಳೆಯ ಪಟಲದಲ್ಲಿ ಅದರೊಳಗೆ ಕಂಡಿದ್ದ ಮೆಗ್ನೀಸಿಯಂ ರೇಖೆಯು ಕಾಲಕ್ರಮದಲ್ಲಿ ತೆಳ್ಳಗಾಗಿ ಬಹುಮಟ್ಟಿಗೆ ಅಳಿಸಿತು. ಅದಕ್ಕಿಂತ ಹೆಚ್ಚು ವೇಗದ ಹೊಸದೊಂದು ರೇಖೆಯು ಮೂಡಿ ಬಂದಿತು. ಇದನ್ನು ಅವರು ೨೦೧೨ರಲ್ಲಿ ಪ್ರಕಟಿಸಿದರು. ಗಿರವಲಿಯಲ್ಲಿ ನೋಡಿದವರ ಶ್ರಮವು ದೊಡ್ಡದೇ. ಆದರೆ ಹಳೆಯ ಪಟಲವು ಇರದಿದ್ದರೆ, ಅಳಿದುದು ಒಂದು ಕಾಲಕ್ಕೆ ಇದ್ದಿತೆಂದು ಹೇಳುವವರು ಯಾರು?

ಕೊಡೈಕನಾಲಿನ ಪರಂಪರೆಯಲ್ಲಿಯೇ ಬೆಳೆದ ಖಭೌತ ಸಂಸ್ಥೆಯು ಈಗ ಬೆಂಗಳೂರಿನಲ್ಲಿದೆ. ಲಡಾಖಿನ ಹಾನ್ಲೆಯಲ್ಲಿ, ಸಮುದ್ರಮಟ್ಟಕ್ಕೆ ೪,೫೦೦ ಮೀಟರು ಎತ್ತರದಲ್ಲಿ, ಅದು ಸ್ಥಾಪಿಸಿದ ಎರಡು ಮೀಟರಿನ ದೂರದರ್ಶಕವನ್ನು ಬೆಂಗಳೂರಿನ ಮಗ್ಗುಲಿನ ಹೊಸಕೋಟೆಯಲ್ಲಿ ಕುಳಿತೇ ಉಪಗ್ರಹದ ಮೂಲಕ ನಡೆಯಿಸುತ್ತಾರೆ. ಕನ್ನಡನಾಡಿನ ನೆಲದಿಂದ ಇಂದು ಆಕಾಶದ ಗೆರೆಗಳನ್ನು ಓದುವ ಕ್ರಮವಿದು. ಜಮಖಂಡಿಯ ಮೋಡಗಳ ಕಾಟವು ಅಲ್ಲಿ ಕಡಿಮೆ.

ಸ್ಲೋನ್ ಸಮೀಕ್ಷೆಯ ಮೊದಲ ಪಟಲಗಳಿಗೆ ಈಗ ಕಾಲು ಶತಮಾನವಾಯಿತು. ಆದರೆ ವಿಶ್ವವು ಹಿಗ್ಗುವುದರಿಂದ ಆ ದೂರದ ಕಾಲವೂ ನಮಗೆ ಎಳೆದಂತೆ ತೋರುತ್ತದೆ. ಗೆರೆಗಳ ಅಲೆಯುದ್ದವು ಮೂರುಪಟ್ಟು ಹಿಗ್ಗಿ ಬಂದಿರುವ ಕ್ವೇಸಾರಿನಲ್ಲಿ ನಮ್ಮ ಮೂರು ವರ್ಷವು ಅಲ್ಲಿಯ ಒಂದು ವರ್ಷ. ಇಪ್ಪತ್ತೈದು ವರ್ಷಗಳ ಕಾಯುವಿಕೆಯಿಂದ ನಾವು ಅಲ್ಲಿ ನೋಡಿರುವುದು ಎಂಟು ವರ್ಷಗಳಷ್ಟನ್ನು ಮಾತ್ರ.